ಅಜ್ಜ ಮಿಲಿಟರಿಯಲ್ಲಿದ್ದರಂತೆ: ಯುದ್ಧಕಾಲದ ದಾಖಲೆ ಹುಡುಕುವುದು ಹೇಗೆ?

"ನಮ್ಮಜ್ಜ ಬರ್ಮಾ ಯುದ್ಧಕ್ಕೆ ಹೋಗಿದ್ದರಂತೆ. ಅವರ ದಾಖಲೆ ಎಲ್ಲಿ ಸಿಗುತ್ತೆ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಬಹಳ ಜನ ಆಗಲೇ ಅಜ್ಜನ ಹೆಸರನ್ನು ಗೂಗಲ್‌ಗೆ ಹಾಕಿ ನೋಡಿ, ಏನೂ ಸಿಗದೆ ಬೇಜಾರು ಮಾಡಿಕೊಂಡಿರುತ್ತಾರೆ. ಸಿಗದೇ ಇರುವುದು ಸಹಜವೇ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷ್ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಜನ ಇದ್ದರು. ಅವರೆಲ್ಲರ ಹೆಸರು ಇರುವ ಪಟ್ಟಿ ಇಂಟರ್ನೆಟ್‌ನಲ್ಲಿ ಎಲ್ಲೂ ಇಲ್ಲ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಹೆಸರು ಹಿಡಿದು ಹೊರಟರೆ ದಾರಿ ಬೇಗ ಮುಗಿಯುತ್ತದೆ. ಯುನಿಟ್ ಹಿಡಿದು ಹೊರಡಿ. ಯುನಿಟ್ ಅಂದರೆ ಅಜ್ಜ ಇದ್ದ ಪಲ್ಟನ್, ಕಂಪನಿ ಅಥವಾ ದಳ. ಒಬ್ಬ ಸಿಪಾಯಿಯ ಬಗ್ಗೆ ಉಳಿದಿರುವ ಕಾಗದ ಒಂದೆರಡು ಹಾಳೆ ಇರಬಹುದು, ಅದೂ ಇಲ್ಲದಿರಬಹುದು. ಅವನ ಯುನಿಟ್ ಬಗ್ಗೆ ಮಾತ್ರ ಕಟ್ಟುಗಟ್ಟಲೆ ಕಾಗದ ಉಳಿದಿದೆ. ಅಜ್ಜನ ಕಥೆಯ ಮುಕ್ಕಾಲು ಭಾಗ ಸಿಗುವುದು ಅಲ್ಲೇ.

ಶುರು ಮಾಡಲು ಬೇಕಾದ್ದು ಇಷ್ಟು: ಅಜ್ಜನ ಪೂರ್ತಿ ಹೆಸರು, ಅವರ ತಂದೆಯ ಹೆಸರು, ಸೇನೆಗೆ ಸೇರಿದಾಗ ಇದ್ದ ಊರು, ಅಂದಾಜು ಇಸವಿ, ಮತ್ತು ನಿಮಗೂ ಅವರಿಗೂ ಇರುವ ಸಂಬಂಧ ತೋರಿಸುವ ಕಾಗದ. ವಂಶವೃಕ್ಷ ಪ್ರಮಾಣಪತ್ರ ಮಾಡಿಸಿಟ್ಟುಕೊಂಡರೆ ಒಳ್ಳೆಯದು. ತಾಳ್ಮೆಯೂ ಬೇಕು, ಉತ್ತರಗಳು ತಿಂಗಳುಗಟ್ಟಲೆ ತಡವಾಗಿ ಬರುತ್ತವೆ.

ಹಂತ 1: ಮನೆಯ ಟ್ರಂಕ್ ತೆಗೆಯಿರಿ

ದೆಹಲಿ, ಲಂಡನ್ ಆಮೇಲೆ. ಮೊದಲು ಮನೆ, ಆಮೇಲೆ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯರ ಮನೆ. ಹಳೇ ಕಾಗದ, ಪದಕ ಎಲ್ಲ ಹಿರೀಮಗನ ಮನೆಯಲ್ಲೇ ಇರಬೇಕೆಂದೇನಿಲ್ಲ.

ಎಲ್ಲಕ್ಕಿಂತ ಬೆಲೆಬಾಳುವುದು ಡಿಸ್ಚಾರ್ಜ್ ಬುಕ್. ಸೇನೆಯಿಂದ ಬಿಡುಗಡೆ ಮಾಡುವಾಗ ಕೊಡುತ್ತಿದ್ದ ಪುಸ್ತಕ ಅಥವಾ ಹಾಳೆ ಅದು. ನಂಬರ್, ರ್ಯಾಂಕ್, ಯುನಿಟ್, ತಂದೆಯ ಹೆಸರು, ಊರು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಪದಕಗಳು, ನಡತೆ ಹೇಗಿತ್ತು ಎಂಬ ಒಂದು ಮಾತು ಅದರಲ್ಲಿ ಇರುತ್ತವೆ. ಇದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಅದಿಲ್ಲದಿದ್ದರೆ ಪಿಂಚಣಿ ಕಾಗದ ಹುಡುಕಿ. ಪಿಪಿಒ ಅಂದರೆ ಪಿಂಚಣಿ ಪಾವತಿಯ ಆದೇಶ. ಅಜ್ಜಿಗೆ ಕುಟುಂಬ ಪಿಂಚಣಿ ಬರುತ್ತಿತ್ತಾದರೆ ಪಿಪಿಒ ನಂಬರ್ ಬ್ಯಾಂಕಿನಲ್ಲಾದರೂ ಇರುತ್ತದೆ.

ಪದಕ ಸಿಕ್ಕರೆ ಮುಖ ನೋಡಿ ಸುಮ್ನಾಗಬೇಡಿ, ಅಂಚು ನೋಡಿ. ಬ್ರಿಟಿಷ್ ಸೇನೆಯವರಿಗೆ ಎರಡನೇ ಮಹಾಯುದ್ಧದ ಪದಕಗಳನ್ನು ಹೆಸರಿಲ್ಲದೆ ಕೊಟ್ಟರು. ಭಾರತೀಯ ಸೈನಿಕರ ಪದಕಗಳಿಗೆ ಸಾಮಾನ್ಯವಾಗಿ ಹೆಸರು ಒತ್ತಿಸಿ ಕೊಟ್ಟರು. ದುಂಡು ಪದಕದ ಅಂಚನ್ನು ಬೆರಳಿನಿಂದ ತಿರುಗಿಸುತ್ತಾ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಸಣ್ಣ ಇಂಗ್ಲಿಷ್ ಅಕ್ಷರಗಳು ಎದ್ದು ಕಾಣುತ್ತವೆ: ಮೊದಲು ನಂಬರ್, ಆಮೇಲೆ ರ್ಯಾಂಕ್, ಹೆಸರು, ಕೊನೆಗೆ ಯುನಿಟ್. ಎಲ್ಲ ಚುಟುಕಾಗಿ ಇರುತ್ತದೆ. 'ಎಸ್‌ಪಿಆರ್' ಅಂದರೆ ಸ್ಯಾಪರ್, ಅಂದರೆ ಎಂಜಿನಿಯರ್ ದಳದ ಸಿಪಾಯಿ. 'ಎನ್‌ಕೆ' ಅಂದರೆ ನಾಯಕ್, ಸಿಪಾಯಿಗಿಂತ ಮೇಲಿನ ಒಂದು ರ್ಯಾಂಕ್. 'ಐ.ಇ.' ಅಂದರೆ ಇಂಡಿಯನ್ ಎಂಜಿನಿಯರ್ಸ್. 'ಆರ್.ಐ.ಎ.ಎಸ್.ಸಿ.' ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಅಂದರೆ ಸೇನೆಗೆ ಸಾಮಾನು, ಲಾರಿ, ಹೇಸರಗತ್ತೆ ನೋಡಿಕೊಳ್ಳುತ್ತಿದ್ದ ದಳ. ಪಳಪಳ ಅನ್ನಲಿ ಅಂತ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ. ಮೊದಲೇ ಸವೆದಿರುವ ಅಕ್ಷರ ಪೂರ್ತಿ ಅಳಿಸಿಹೋಗುತ್ತದೆ.

ಪದಕದ ಹೆಸರೂ ಸುಳಿವೇ. ಆಫ್ರಿಕಾ ಸ್ಟಾರ್ ಇದ್ದರೆ 1940ರಿಂದ 1943ರ ನಡುವೆ ಉತ್ತರ ಆಫ್ರಿಕಾ, ಎರಿಟ್ರಿಯಾ, ಅಬಿಸೀನಿಯಾ (ಇಂದಿನ ಇಥಿಯೋಪಿಯಾ) ಕಡೆ ಹೋಗಿದ್ದರು. ಇಟಲಿ ಸ್ಟಾರ್, ಬರ್ಮಾ ಸ್ಟಾರ್ ಹೆಸರಿನಲ್ಲೇ ಹೇಳುತ್ತವೆ. ಆದರೆ ಒಂದು ಎಚ್ಚರಿಕೆ: ಬರ್ಮಾ ಸ್ಟಾರ್ ಇದೆ ಅಂದಮಾತ್ರಕ್ಕೆ ಬರ್ಮಾ ಗಡಿ ದಾಟಿದ್ದರು ಅನ್ನಲಾಗದು. ಅಸ್ಸಾಂ, ಬಂಗಾಳದ ಕೆಲವು ಭಾಗದಲ್ಲಿ ಸೇವೆ ಮಾಡಿದವರಿಗೂ ಅದು ಸಿಕ್ಕಿದೆ. ಇಂಡಿಯಾ ಸರ್ವಿಸ್ ಮೆಡಲ್ ಅಂತೂ ಯುದ್ಧಭೂಮಿಗೆ ಹೋಗದೆ ದೇಶದೊಳಗೇ ಮೂರು ವರ್ಷ ಸೇವೆ ಮಾಡಿದವರಿಗೆ ಕೊಟ್ಟದ್ದು.

ಫೋಟೋದಲ್ಲಿ ಟೋಪಿಯ ಬಿಲ್ಲೆ, ಭುಜದ ಮೇಲಿನ ಗುರುತು ನೋಡಿ. ಭುಜದ ಗುರುತು ಡಿವಿಷನ್ನಿನದು. ಡಿವಿಷನ್ ಅಂದರೆ ಹತ್ತು-ಹದಿನೈದು ಸಾವಿರ ಸೈನಿಕರ ದೊಡ್ಡ ತುಕಡಿ. ಹದ್ದು ಇದ್ದರೆ 4ನೇ ಭಾರತೀಯ ಡಿವಿಷನ್, ಬೆಕ್ಕು ಇದ್ದರೆ 17ನೇದು. ತಲೆಯ ಮೇಲೆ ಎತ್ತರದ ಕೊಳವೆಯಂಥ ಟೋಪಿ ಇದ್ದರೆ ಅದು 'ಡೂಪ್ಟಾ', ಮದ್ರಾಸ್ ಸ್ಯಾಪರ್ಸ್‌ನವರ ವಿಶೇಷ. ಅಜ್ಜನನ್ನು ಯಾರಾದರೂ 'ತಂಬಿ' ಅಂತ ಕರೆಯುತ್ತಿದ್ದರು ಎಂಬ ನೆನಪಿದ್ದರೆ ಅದೂ ಅದೇ ಕಡೆ ಬೆರಳು ತೋರಿಸುತ್ತದೆ.

ಹಂತ 2: ಹೆಸರು, ಊರನ್ನು ಅಂದಿನ ಲೆಕ್ಕಕ್ಕೆ ತನ್ನಿ

1940ರಲ್ಲಿ ಕರ್ನಾಟಕ ಅನ್ನುವ ರಾಜ್ಯ ಇರಲಿಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಮುಂಬೈ ಪ್ರಾಂತ್ಯದಲ್ಲಿದ್ದವು. ಬಳ್ಳಾರಿ, ಮಂಗಳೂರು ಮದ್ರಾಸ್ ಪ್ರಾಂತ್ಯ. ಬೀದರ್, ಕಲಬುರಗಿ, ರಾಯಚೂರು ನಿಜಾಮರದು. ಕೊಡಗು ಬೇರೆ, ಮೈಸೂರು ಸಂಸ್ಥಾನ ಬೇರೆ. ಸೇನೆಗೆ ಭರ್ತಿ ಆದದ್ದು ಈ ಲೆಕ್ಕದಲ್ಲೇ. ಇಂದಿನ ಗದಗ, ಹಾವೇರಿಯವರು ಧಾರವಾಡ ಜಿಲ್ಲೆ ಅಂತ ಹುಡುಕಬೇಕು. ಬಾಗಲಕೋಟೆಯವರು ಬಿಜಾಪುರ, ಚಿಕ್ಕಬಳ್ಳಾಪುರದವರು ಕೋಲಾರ, ದಾವಣಗೆರೆಯವರು ಚಿತ್ರದುರ್ಗ ಅಂತ.

ಸೇನೆಯ ಕಾಗದದಲ್ಲಿ 'ಕ್ಲಾಸ್' ಅನ್ನುವ ಒಂದು ಅಂಕಣ ಇರುತ್ತದೆ. ಭರ್ತಿ ಮಾಡುವಾಗ ಜಾತಿ, ಪ್ರಾಂತ್ಯದ ಮೇಲೆ ಮಾಡುತ್ತಿದ್ದ ವಿಂಗಡಣೆ ಅದು. ಕನ್ನಡಿಗರಿಗೆ ಅಲ್ಲಿ 'ಕನ್ನಡಿಗ' ಅಂತ ಇರುವುದು ಕಡಿಮೆ. 'ಮದ್ರಾಸಿ' ಅಂತಿದ್ದರೆ ನಮ್ಮಜ್ಜ ಅಲ್ಲ ಅಂತ ಪಕ್ಕಕ್ಕೆ ಇಡಬೇಡಿ.

ಹೆಸರಿನ ಕಾಗುಣಿತವಂತೂ ಕೇಳಲೇಬೇಡಿ. ಕನ್ನಡ ಬಾರದ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷ್‌ನಲ್ಲಿ ಬರೆದುಕೊಂಡಿದ್ದಾರೆ. ಕೃಷ್ಣಪ್ಪ ಕಿಸ್ತಪ್ಪ ಆಗಿರಬಹುದು, ಮುನಿಸ್ವಾಮಿ ಮೂನಸಾಮಿ ಆಗಿರಬಹುದು. ಮನೆತನದ ಹೆಸರು, ಇನಿಷಿಯಲ್ ಬಿಟ್ಟುಹೋಗಿ ಒಂದೇ ಪದ ಉಳಿದಿರಬಹುದು. ಐದಾರು ಬಗೆಯ ಕಾಗುಣಿತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೇ ಹುಡುಕಿ.

ಜನ ಜಾಸ್ತಿ ಎಡವುವ ಇನ್ನೊಂದು ಕಡೆ ನಂಬರ್. ಆಗ ಇಡೀ ಸೇನೆಗೆ ಒಂದೇ ಸಾಲಿನ ನಂಬರ್ ಇರಲಿಲ್ಲ. ಒಂದೊಂದು ರೆಜಿಮೆಂಟಿಗೆ ಅದರದೇ ಸರಣಿ. ಒಂದೇ ನಂಬರ್ ಎರಡು ಕಡೆ ಇಬ್ಬರಿಗೆ ಇರಬಹುದು. ನಂಬರ್, ಯುನಿಟ್ ಎರಡೂ ಜೊತೆಗಿದ್ದರೆ ಮಾತ್ರ ಪ್ರಯೋಜನ.

ಹಂತ 3: ಯುನಿಟ್ ಗೊತ್ತೇ ಇಲ್ಲದಿದ್ದರೆ

ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ. ಅಜ್ಜನೋ ಅಜ್ಜಿಯೋ ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಿದ್ದರೆ, ಸಹಾಯಧನಕ್ಕೆ ಅರ್ಜಿ ಹಾಕಿದ್ದರೆ ಅಲ್ಲಿನ ರಿಜಿಸ್ಟರಿನಲ್ಲಿ ನಂಬರ್, ಯುನಿಟ್ ಇರುತ್ತದೆ. ಎರಡನೇ ಮಹಾಯುದ್ಧದಲ್ಲಿ ಸೇರಿದ ಬಹಳ ಜನ ಯುದ್ಧ ಮುಗಿದ ಮೇಲೆ ಪಿಂಚಣಿ ಇಲ್ಲದೆ ಬಿಡುಗಡೆ ಆದವರು. ಅಂಥವರ ಹೆಸರು ಉಳಿದಿರುವ ಕೆಲವೇ ಜಾಗಗಳಲ್ಲಿ ಇದೂ ಒಂದು.

ಎರಡನೇ ಜಾಗ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ: ತಾಲ್ಲೂಕು ಕಚೇರಿ. ಮಾಜಿ ಸೈನಿಕ ಅಂತ ಅಜ್ಜನಿಗೆ ಸರ್ಕಾರಿ ಜಮೀನು ಮಂಜೂರಾಗಿತ್ತಾ ಅಂತ ಮನೆಯಲ್ಲಿ ಕೇಳಿ. ಆಗಿದ್ದರೆ ಸಾಗುವಳಿ ಚೀಟಿಯ ನಂಬರ್ ಹಿಡಿದು ರೆಕಾರ್ಡ್ ರೂಮಿನಲ್ಲಿ ಮಂಜೂರಾತಿ ಕಡತದ ನಕಲಿಗೆ ಅರ್ಜಿ ಹಾಕಿ. ಸೈನಿಕ ಅಂತ ಸಾಬೀತು ಮಾಡಲು ಕೊಟ್ಟ ಡಿಸ್ಚಾರ್ಜ್ ಕಾಗದದ ನಕಲು ಅದರೊಳಗೆ ಇರುವ ಸಾಧ್ಯತೆ ಇದೆ.

ಇದೂ ಇಲ್ಲದಿದ್ದರೆ ಊರಿನ ಮೇಲೆ ಊಹೆ ಮಾಡಬೇಕು. ಹಳೇ ಮೈಸೂರು ಕಡೆಯವರಾದರೆ ಮೊದಲು ಮದ್ರಾಸ್ ಸ್ಯಾಪರ್ಸ್, ಆಮೇಲೆ ಸರ್ವಿಸ್ ಕೋರ್, ಪಯೊನೀರ್ (ರಸ್ತೆ ಕೆಲಸ, ಸಾಮಾನು ಹೊರುವ ಕೆಲಸ ಮಾಡುತ್ತಿದ್ದ ದಳ). ಬೆಳಗಾವಿ ಸುತ್ತಿನವರಾದರೆ ಮರಾಠಾ ಲೈಟ್ ಇನ್‌ಫೆಂಟ್ರಿ (ಇನ್‌ಫೆಂಟ್ರಿ ಅಂದರೆ ಕಾಲಾಳು ದಳ). ಕೊಡಗಿನವರಾದರೆ 1942ರಲ್ಲಿ ಕಟ್ಟಿದ ಕೊಡಗು ಬೆಟಾಲಿಯನ್ ಮರೆಯಬೇಡಿ. ಮಹಾರಾಜರ ಸೇನೆಯಲ್ಲಿದ್ದರು ಅಂತ ಮನೆಯಲ್ಲಿ ಹೇಳುತ್ತಿದ್ದರೆ ಅದು ಮೈಸೂರು ಇನ್‌ಫೆಂಟ್ರಿ ಅಥವಾ ಕುದುರೆ ದಳವಾದ ಮೈಸೂರು ಲ್ಯಾನ್ಸರ್ಸ್ ಇರಬಹುದು. ಊಹೆಯನ್ನು ಊಹೆ ಅಂತಲೇ ಬರೆದಿಟ್ಟುಕೊಳ್ಳಿ. ಊರವರ ಬಾಯಲ್ಲಿ 'ಮಿಲಿಟರಿ' ಅನ್ನುವುದು ಪೊಲೀಸ್, ರೈಲ್ವೆ, ಡಿಪೋ ಕೂಲಿ ಎಲ್ಲಕ್ಕೂ ಸಲ್ಲುತ್ತಿತ್ತು ಅನ್ನುವುದೂ ನೆನಪಿರಲಿ.

ಹಂತ 4: ರೆಕಾರ್ಡ್ ಆಫೀಸಿಗೆ ಬರೆಯಿರಿ

ಸಿಪಾಯಿಗಳ ಸೇವಾ ದಾಖಲೆ ಲಂಡನ್ನಿನಲ್ಲಿ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬ್ರಿಟನ್ನಿನ ರಕ್ಷಣಾ ಇಲಾಖೆ ತನ್ನ ಸೈನಿಕರ ಲಕ್ಷಾಂತರ ಕಡತಗಳನ್ನು ಅಲ್ಲಿನ ನ್ಯಾಷನಲ್ ಆರ್ಕೈವ್ಸ್‌ಗೆ ಕೊಡುತ್ತಿದೆ ಅನ್ನುವ ಸುದ್ದಿ ಓದಿ ಆಸೆಪಡಬೇಡಿ. ಅವು ಬ್ರಿಟಿಷ್ ಸೇನೆಯವು. ಭಾರತೀಯ ಸಿಪಾಯಿಗಳ ಕಾಗದ ಅವರವರ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ, ಅಂದರೆ ಸೈನಿಕರ ಸೇವಾ ಪುಸ್ತಕ ಕಾಯುವ ಕಚೇರಿಯಲ್ಲಿ, ಇಲ್ಲೇ ಉಳಿಯಿತು.

ಮದ್ರಾಸ್ ಸ್ಯಾಪರ್ಸ್ ಇಂದು ಮದ್ರಾಸ್ ಎಂಜಿನಿಯರ್ ಗ್ರೂಪ್, ಬೆಂಗಳೂರು. ಪಯೊನೀರ್ ಕೋರ್ ಕೂಡ ಬೆಂಗಳೂರು. ಮರಾಠಾದವರಿಗೆ ಬೆಳಗಾವಿ. ಮದ್ರಾಸ್ ರೆಜಿಮೆಂಟ್ ನೀಲಗಿರಿಯ ವೆಲಿಂಗ್ಟನ್. ತೋಪಿನ ದಳಕ್ಕೆ ನಾಸಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್ಪುರ, ವೈದ್ಯಕೀಯ ದಳಕ್ಕೆ ಲಖನೌ, ಆರ್ಡ್‌ನೆನ್ಸ್ (ಶಸ್ತ್ರ, ಸಾಮಗ್ರಿ ದಾಸ್ತಾನಿನ ದಳ) ಮತ್ತು ಇಎಂಇಗೆ (ವಾಹನ, ಯಂತ್ರ ರಿಪೇರಿಯ ದಳ) ಸಿಕಂದರಾಬಾದ್. ಕೊಡಗು ಬೆಟಾಲಿಯನ್ 1946ರಲ್ಲಿ ಟ್ಯಾಂಕ್ ಹೊಡೆಯುವ ತೋಪಿನ ದಳವಾಗಿ ಬದಲಾಯಿತು. ಆದ್ದರಿಂದ ಅದರಲ್ಲಿದ್ದವರ ಮನೆಯವರು ನಾಸಿಕ್ ರೋಡನ್ನೂ ಕೇಳಬೇಕು. ಸ್ವಾತಂತ್ರ್ಯದ ನಂತರ ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು, ಲ್ಯಾನ್ಸರ್ಸ್ 61ನೇ ಕ್ಯಾವಲ್ರಿಗೆ ಸೇರಿತು.

ಮೊದಲು ಸಾದಾ ಪತ್ರ ಬರೆಯಿರಿ, ಸ್ಪೀಡ್ ಪೋಸ್ಟ್‌ನಲ್ಲಿ. ಸಂಬಂಧದ ದಾಖಲೆ ಜೊತೆಗಿರಲಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಸೇನೆ ಕೇಂದ್ರ ಸರ್ಕಾರದ್ದಾದ್ದರಿಂದ ಕೇಂದ್ರದ ಆರ್‌ಟಿಐ ಆನ್‌ಲೈನ್ ತಾಣದಲ್ಲೇ ಹಾಕಬಹುದು. ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ, ಅಥವಾ ಉತ್ತರ ಸರಿಯಿಲ್ಲದಿದ್ದರೆ, 30 ದಿನದೊಳಗೆ ಮೊದಲ ಮೇಲ್ಮನವಿ.

ಕೇಳುವ ರೀತಿ ಮುಖ್ಯ. "ನಮ್ಮಜ್ಜನ ಬಗ್ಗೆ ಇರುವ ಎಲ್ಲ ಮಾಹಿತಿ ಕೊಡಿ" ಅಂದರೆ "ಲಭ್ಯವಿಲ್ಲ" ಅಂತ ಒಂದೇ ಸಾಲಿನ ಉತ್ತರ ಬರುತ್ತದೆ. ಬದಲಿಗೆ ಹೀಗೆ ಬಿಡಿಬಿಡಿಯಾಗಿ ಕೇಳಿ: "ಇಂಥ ನಂಬರಿನ, ಇಂಥವರ ಮಗ, ಇಂಥ ಊರಿನ ಇಂಥವರ ಶೀಟ್ ರೋಲ್‌ನ ನಕಲು ಕೊಡಿ. ಶೀಟ್ ರೋಲ್ ನಾಶವಾಗಿದ್ದರೆ ಲಾಂಗ್ ರೋಲ್‌ನಲ್ಲಿ ಅವರ ಹೆಸರಿರುವ ಸಾಲಿನ ನಕಲು ಕೊಡಿ. ಸೇರಿದ ಮತ್ತು ಬಿಡುಗಡೆಯಾದ ದಿನಾಂಕ, ಬಿಡುಗಡೆಯ ಕಾರಣ, ಸೇವೆ ಮಾಡಿದ ಕಂಪನಿಗಳು, ಪದಕಗಳನ್ನು ತಿಳಿಸಿ."

ಈ ಎರಡು ಪದ ಗೊತ್ತಿರಲೇಬೇಕು. ಶೀಟ್ ರೋಲ್ ಅಂದರೆ ಒಬ್ಬೊಬ್ಬ ಸಿಪಾಯಿಯ ಸೇವಾ ಕಡತ. ಲಾಂಗ್ ರೋಲ್ ಅಂದರೆ ಎಲ್ಲರ ಹೆಸರನ್ನೂ ಸಾಲಾಗಿ ಬರೆದಿಟ್ಟ ದೊಡ್ಡ ರಿಜಿಸ್ಟರ್. ಪಿಂಚಣಿ ಇಲ್ಲದವರ ಸೇವಾ ಕಡತವನ್ನು ಬಿಡುಗಡೆಯಾಗಿ 25 ವರ್ಷ ಕಳೆದ ಮೇಲೆ ನಿಯಮದಂತೆ ಸುಟ್ಟುಹಾಕುತ್ತಾರೆ. "ದಾಖಲೆ ನಾಶವಾಗಿದೆ" ಅನ್ನುವ ಪತ್ರ ಬಂದ ಕೂಡಲೇ ಬಹಳ ಜನ ಕೈಬಿಡುತ್ತಾರೆ. ಅಲ್ಲೇ ತಪ್ಪುವುದು. ಲಾಂಗ್ ರೋಲ್ ಸುಡುವ ಸಾಲಿನಲ್ಲಿ ಬರುವುದಿಲ್ಲ. ಒಂದೇ ಸಾಲಿನ ಮಾಹಿತಿ ಇರಬಹುದು, ಆದರೆ ಮುಂದಿನ ಹಂತಕ್ಕೆ ಆ ಒಂದು ಸಾಲು ಸಾಕು.

"ಇದು ಮೂರನೆಯವರ ವೈಯಕ್ತಿಕ ಮಾಹಿತಿ" ಅಂತ ನಿರಾಕರಿಸಿದರೆ ಮೇಲ್ಮನವಿಯಲ್ಲಿ ಮಾಹಿತಿ ಹಕ್ಕು ಕಾಯ್ದೆಯ 8(3) ಕಲಂ ಎತ್ತಿ. 20 ವರ್ಷಕ್ಕಿಂತ ಹಳೆಯ ಘಟನೆಗಳಿಗೆ ಕೆಲವು ವಿನಾಯಿತಿ ಬಿಟ್ಟು ಉಳಿದವು ಅನ್ವಯಿಸುವುದಿಲ್ಲ ಅನ್ನುತ್ತದೆ ಅದು. ಬೇರೆ ಕಚೇರಿಯದು ಅಂತ ಅರ್ಜಿಯನ್ನು ವಾಪಸು ಕಳಿಸುವಂತೆಯೂ ಇಲ್ಲ. ಸಂಬಂಧಪಟ್ಟ ಕಚೇರಿಗೆ ಅವರೇ ದಾಟಿಸಬೇಕು.

ಹಂತ 5: ಯುದ್ಧದ ದಿನಚರಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ರುಚಿಯಾದ ಭಾಗ. ವಾರ್ ಡೈರಿ ಅಂದರೆ ಯುದ್ಧಕಾಲದಲ್ಲಿ ಪ್ರತಿ ಯುನಿಟ್ಟೂ ದಿನದಿನವೂ ಬರೆದು ತಿಂಗಳಿಗೊಮ್ಮೆ ಮೇಲಕ್ಕೆ ಕಳಿಸುತ್ತಿದ್ದ ವರದಿ. ಇವತ್ತು ಎಲ್ಲಿದ್ದೆವು, ಯಾವ ಸೇತುವೆ ಕಟ್ಟಿದೆವು, ಎಷ್ಟು ಮೈಲಿ ನಡೆದೆವು, ಎಷ್ಟು ಜನಕ್ಕೆ ಮಲೇರಿಯಾ, ಯಾರು ಗಾಯಗೊಂಡರು ಎಲ್ಲ ಅದರಲ್ಲಿರುತ್ತದೆ. ಅಜ್ಜನ ಹೆಸರು ಇರುವ ಸಾಧ್ಯತೆ ಕಡಿಮೆ. ಬಿಳಿಯ ಅಧಿಕಾರಿಗಳು, ಸುಬೇದಾರ್, ಜಮಾದಾರರ ಹೆಸರು ಬರೆದು ಸಿಪಾಯಿಗಳನ್ನು ಬರೀ ಸಂಖ್ಯೆಯಲ್ಲಿ ಹೇಳುವುದೇ ಜಾಸ್ತಿ. ಆದರೂ ಅಜ್ಜ ಆ ಕಂಪನಿಯಲ್ಲಿದ್ದರು ಅಂತ ಖಚಿತವಾದರೆ ಅವರ ದಿನಗಳೂ ಹೀಗೇ ಕಳೆದವು ಅನ್ನಬಹುದು. ರಜೆ, ಆಸ್ಪತ್ರೆ, ತರಬೇತಿ ಅಂತ ದೂರ ಇದ್ದ ದಿನಗಳನ್ನು ಬಿಟ್ಟು.

ಡೈರಿಗಳ ಒಂದು ಕಂತೆ ದೆಹಲಿಯಲ್ಲಿ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗದ ಬಳಿ ಇದೆ. ಇನ್ನೊಂದು ಲಂಡನ್ ಹತ್ತಿರದ ಕ್ಯೂನಲ್ಲಿ, ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಅಲ್ಲಿನ ಸರಣಿಗಳು ಹೀಗಿವೆ: ಬರ್ಮಾ, ಆಗ್ನೇಯ ಏಷ್ಯಾಕ್ಕೆ 'ಡಬ್ಲ್ಯೂಒ 172'. ಆಫ್ರಿಕಾ, ಮಧ್ಯಪ್ರಾಚ್ಯಕ್ಕೆ 'ಡಬ್ಲ್ಯೂಒ 169'. ಇಟಲಿಗೆ 'ಡಬ್ಲ್ಯೂಒ 170'. ಮೊದಲನೇ ಮಹಾಯುದ್ಧದ್ದು 'ಡಬ್ಲ್ಯೂಒ 95'. ಕ್ಯಾಟಲಾಗ್ ಅನ್ನು ಮನೆಯಿಂದಲೇ ಪುಕ್ಕಟೆ ಹುಡುಕಬಹುದು. ಹುಡುಕುವ ಖಾನೆಯಲ್ಲಿ ಅಜ್ಜನ ಹೆಸರು ಹಾಕಬೇಡಿ, ಕಂಪನಿಯ ಹೆಸರು ಹಾಕಿ. ಅಲ್ಲಿಗೇ ಹೋದರೆ ಫೋಟೋ ತೆಗೆದುಕೊಳ್ಳಲು ದುಡ್ಡಿಲ್ಲ. ಅವರಿಂದಲೇ ನಕಲು ತರಿಸಿದರೆ ದುಬಾರಿ. ಲಂಡನ್ನಿನಲ್ಲಿ ಓದುತ್ತಿರುವ ನೆಂಟರ ಮಕ್ಕಳು ಇದ್ದರೆ ಒಂದು ದಿನದ ಕೆಲಸ ಹೇಳಿ.

ಕಂಪನಿ ನಂಬರ್ ಸರಿಯಾಗಿರಬೇಕು. 'ಮದ್ರಾಸ್ ಸ್ಯಾಪರ್ಸ್' ಅಂದಷ್ಟೇ ಗೊತ್ತಿದ್ದರೆ ಸಾಲದು. ಅದರ 12ನೇ ಫೀಲ್ಡ್ ಕಂಪನಿ 4ನೇ ಡಿವಿಷನ್ ಜೊತೆ ಆಫ್ರಿಕಾ, ಇಟಲಿ ಸುತ್ತಿತು. ಅದೇ ಸ್ಯಾಪರ್ಸ್‌ನ ಬೇರೆ ಕಂಪನಿಗಳು ಬರ್ಮಾದ ಕಾಡಿನಲ್ಲಿದ್ದವು. ಕಂಪನಿ ತಪ್ಪಿದರೆ ಬೇರೆ ಯಾರದೋ ಅಜ್ಜನ ಕಥೆ ಓದಿದಂತೆ ಆಗುತ್ತದೆ.

ಹಂತ 6: ಅಜ್ಜ ವಾಪಸು ಬರಲೇ ಇಲ್ಲ ಅಂತಾದರೆ

ಆಗ ಕೆಲಸ ಸುಲಭ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ತಾಣದಲ್ಲಿ ಎರಡು ಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಹೆಸರಿದೆ. ಪುಕ್ಕಟೆ ಹುಡುಕಬಹುದು. ಭಾರತೀಯ ಸೇನೆ ಅಂತ ಸೋಸುವ ಸೌಲಭ್ಯ ಇದೆ. ಬಹಳ ಕಡೆ ತಂದೆಯ ಹೆಸರು, ಹೆಂಡತಿಯ ಹೆಸರು, ಊರೂ ಇರುತ್ತದೆ. 1947ರ ಡಿಸೆಂಬರ್ 31ರವರೆಗೆ ಸತ್ತವರೂ ಇದರಲ್ಲಿ ಸೇರಿದ್ದಾರೆ. ಯುದ್ಧ ಮುಗಿದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೂ ಹುಡುಕಿ ನೋಡಿ.

ಸಮಾಧಿ ಸಿಗಲಿಲ್ಲ ಅಂತ ಗೊಂದಲ ಬೇಡ. ಹಿಂದೂ, ಸಿಖ್ ಸೈನಿಕರನ್ನು ದಹನ ಮಾಡಿದ್ದರಿಂದ ಅವರ ಹೆಸರು ಸ್ಮಾರಕದ ಕಲ್ಲಿನ ಮೇಲಿದೆ. ಕೊಹಿಮಾದಲ್ಲಿ ದಹನ ಸ್ಮಾರಕದ ಮೇಲೆ ಅಂಥ 917 ಹೆಸರುಗಳಿವೆ. ಬರ್ಮಾದಲ್ಲಿ ಸತ್ತವರಿಗೆ ಯಾಂಗೋನ್ ಹತ್ತಿರ ಟೌಕ್ಯಾನ್‌ನ ರಂಗೂನ್ ಸ್ಮಾರಕ, ಮಲಯ ಕಡೆಯವರಿಗೆ ಸಿಂಗಪುರದ ಕ್ರಾಂಜಿ.

ಬದುಕಿ ಬಂದವರು ಈ ಪಟ್ಟಿಯಲ್ಲಿ ಇರುವುದಿಲ್ಲ. ಅದೇ ಹೆಸರಿನವರು ಒಬ್ಬರು ಸಿಕ್ಕರು ಅಂತ 1970ರಲ್ಲಿ ಊರಲ್ಲೇ ತೀರಿಕೊಂಡ ಅಜ್ಜನಿಗೆ ಜೋಡಿಸಬೇಡಿ. ಇದು ತಮಾಷೆಗೆ ಹೇಳಿದ್ದಲ್ಲ, ಹಾಗೆ ಜೋಡಿಸಿದವರಿದ್ದಾರೆ.

ಹಂತ 7: ಸೆರೆ, ಐಎನ್‌ಎ, ಶೌರ್ಯ ಪದಕ

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾದಾಗ ಸಾವಿರಾರು ಭಾರತೀಯ ಸೈನಿಕರು ಸೆರೆಯಾದರು. ಮೈಸೂರು ಇನ್‌ಫೆಂಟ್ರಿಯೂ ಅಲ್ಲಿತ್ತು. ಅಜ್ಜ ನೇತಾಜಿಯವರ ಐಎನ್‌ಎ, ಅಂದರೆ ಆಜಾದ್ ಹಿಂದ್ ಫೌಜ್, ಸೇರಿದ್ದರು ಅನ್ನುವ ಮಾತಿದ್ದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಐಎನ್‌ಎ ಕಡತಗಳನ್ನು ನೋಡಿ. ಪತ್ರಾಗಾರದ 'ಅಭಿಲೇಖ್ ಪಟಲ್' ತಾಣದಲ್ಲಿ ಬಹಳಷ್ಟು ಕಡತಗಳ ಪಟ್ಟಿ ಇದೆ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಅರ್ಜಿ ಹಾಕಿದ್ದರೆ ಆ ಕಡತವೂ ಉಪಯೋಗಕ್ಕೆ ಬರುತ್ತದೆ. ಮೊದಲನೇ ಯುದ್ಧದಲ್ಲಿ ಸೆರೆ ಸಿಕ್ಕವರ ಚೀಟಿಗಳನ್ನು ಜಿನೀವಾದ ರೆಡ್ ಕ್ರಾಸ್ ಆನ್‌ಲೈನ್‌ನಲ್ಲೇ ಇಟ್ಟಿದೆ.

ಐಡಿಎಸ್‌ಎಂ (ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್), ಮಿಲಿಟರಿ ಮೆಡಲ್‌ನಂಥ ಶೌರ್ಯ ಪದಕ ಬಂದಿದ್ದರೆ ಬ್ರಿಟಿಷ್ ಸರ್ಕಾರದ ರಾಜಪತ್ರವಾದ ಲಂಡನ್ ಗೆಜೆಟ್‌ನಲ್ಲಿ ಹೆಸರು ಬಂದಿರುತ್ತದೆ. ಅದರ ಹಳೆಯ ಸಂಚಿಕೆಗಳು ಪುಕ್ಕಟೆ ಸಿಗುತ್ತವೆ. ಏನು ಮಾಡಿದ್ದಕ್ಕೆ ಕೊಟ್ಟರು ಅನ್ನುವ ಶಿಫಾರಸು ಪತ್ರ ಕ್ಯೂನ 'ಡಬ್ಲ್ಯೂಒ 373' ಸರಣಿಯಲ್ಲಿದೆ. ಸಿಪಾಯಿಯ ಹೆಸರು ಹಾಕಿ ಹುಡುಕಿದರೆ ಫಲ ಕೊಡುವ ಅಪರೂಪದ ಸರಣಿ ಇದು.

ಅಜ್ಜನ ಅಪ್ಪ ಹೋಗಿದ್ದು ಮೊದಲನೇ ಯುದ್ಧಕ್ಕಾದರೆ ವೈಯಕ್ತಿಕ ಕಾಗದದ ಆಸೆ ಕಡಿಮೆ ಇಟ್ಟುಕೊಳ್ಳಿ. ಮೈಸೂರು ಲ್ಯಾನ್ಸರ್ಸ್‌ನವರಾದರೆ, ಅಂದರೆ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದ ಕುದುರೆ ದಳದವರಾದರೆ, ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಕಡತಗಳನ್ನು ಕೇಳಿ. 1922ರಲ್ಲಿ ರೆಜಿಮೆಂಟುಗಳ ನಂಬರ್, ಹೆಸರು ಎಲ್ಲ ಬದಲಾದವು. ಹಳೆಯ 117ನೇ ಮರಾಠಾ ಆಮೇಲೆ 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂದು ಬೆಟಾಲಿಯನ್. ಪತ್ರ ಬರೆಯುವಾಗ ಎರಡೂ ಹೆಸರು ಹಾಕಿ.

ದುಡ್ಡು ಕೊಟ್ಟು ಸದಸ್ಯರಾಗುವ ವಂಶಾವಳಿ ತಾಣಗಳ ಬಗ್ಗೆಯೂ ಕೇಳುತ್ತೀರಿ. ಅವುಗಳಲ್ಲಿರುವ 'ಇಂಡಿಯನ್ ಆರ್ಮಿ' ದಾಖಲೆ ಬಹುಪಾಲು ಬಿಳಿಯ ಅಧಿಕಾರಿಗಳದು. ಪಂಜಾಬಿನ ಮೊದಲನೇ ಯುದ್ಧದ ಊರುವಾರು ರಿಜಿಸ್ಟರುಗಳು ಈಗ ಆನ್‌ಲೈನ್ ಇವೆ, ಅವು ಪಂಜಾಬಿನವು ಮಾತ್ರ. ರೆಕಾರ್ಡ್ ಆಫೀಸಿನ ಉತ್ತರ ಬರುವ ತನಕ ಎಲ್ಲೂ ಕಾರ್ಡ್ ಉಜ್ಜಬೇಡಿ.